ಇನ್ನೊಂದು ಕೈ ಉಂಟಲ್ಲ

ಕೇರಳದ ಗಡಿಯೂರು ಕುಂಜತ್ತೂರಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಬಾಗಿಲಲ್ಲಿ 'ನರ್ಸ್ ಬೇಕಾಗಿದ್ದಾರೆ' ಎಂಬ ಬೋರ್ಡು ಕನ್ನಡದಲ್ಲೂ ಮಲಯಾಳದಲ್ಲೂ ವರ್ಷವಿಡೀ ನೇತಾಡುತ್ತಿತ್ತು. ತೆಗೆಯುವುದೇಕೆ, ಹೇಗೂ ಮತ್ತೆ ಹಾಕಬೇಕಲ್ಲ ಎನ್ನುತ್ತಿದ್ದರು ಅವರು.

ಮಂಗಳೂರಿನ ಮೂರು ಆಸ್ಪತ್ರೆಯವರು ಅನುಭವ ಇಲ್ಲವೆಂದು ವಾಪಸು ಕಳಿಸಿದ ಮೇಲೆ ನಾನು ಅಲ್ಲಿಗೆ ಹೋದೆ. ಡಾಕ್ಟರು ನನ್ನ ಫೈಲು ಬಿಚ್ಚಲೇ ಇಲ್ಲ. ಅಂಗಿಯ ತೋಳು ಮಡಚಿ ಬಲಗೈಯನ್ನು ಮೇಜಿನ ಮೇಲಿಟ್ಟರು.

"ನನ್ನ ಶುಗರ್ ನೋಡದೆ ಸುಮಾರು ದಿನ ಆಯ್ತು. ರಕ್ತ ತೆಗೆ ನೋಡುವ."

ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಅವರು ಕಿಟಕಿಯಾಚೆ ಹೋಗುವ ಬಸ್ಸು ನೋಡುತ್ತ, "ಎಂತ ಅವಸರ ಮಾರಾಯ್ತಿ, ಇನ್ನೊಂದು ಕೈ ಉಂಟಲ್ಲ" ಎಂದರು. ಎಡಗೈಯಲ್ಲಿ ಸಿಕ್ಕಿತು. ಕೆಲಸವೂ ಸಿಕ್ಕಿತು.

ಅಲ್ಲಿ ಎರಡು ವರ್ಷ ಕೈ ಪಳಗಿಸಿಕೊಂಡವರೆಲ್ಲ ಅವರದೇ ಸರ್ಟಿಫಿಕೇಟು ಹಿಡಿದು ಗಲ್ಫಿಗೆ ಹಾರುತ್ತಿದ್ದರು. "ಒರಿಜಿನಲ್ ಮಾರ್ಕ್ಸ್ ಕಾರ್ಡು ನಿಮ್ಮ ಹತ್ರ ಇಟ್ಟುಕೊಳ್ಳಿ, ಮತ್ತೆ ಯಾರೂ ಹೋಗುವುದಿಲ್ಲ" ಎಂದು ಪಕ್ಕದ ಮೆಡಿಕಲ್ ಶಾಪಿನ ಹಾಜಿಯವರು ಬುದ್ಧಿ ಹೇಳಿದರೆ ಡಾಕ್ಟರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

"ಎಲ್ಲರಿಗೂ ಅನುಭವ ಇದ್ದವರೇ ಬೇಕು ಹಾಜಿಯವರೇ. ಅನುಭವ ಕೊಡುವವರು ಒಬ್ಬರಾದರೂ ಬೇಡ್ವಾ?"

ನಾನು ದುಬೈಗೆ ಹೊರಡುವ ಮುಂಚೆ ಅವರ ಸಹಿ ಪಡೆದು ಹೊರಗೆ ಬಂದೆ. ಬೆಂಚಿನಲ್ಲಿ ಒಬ್ಬಳು ಹುಡುಗಿ ಫೈಲನ್ನು ಎದೆಗವಚಿಕೊಂಡು ಕೂತಿದ್ದಳು. ಒಳಗೆ ಡಾಕ್ಟರು ಆಗಲೇ ಬಲಗೈಯ ತೋಳು ಮಡಚುತ್ತಿದ್ದರು.

ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ, "ಸೀದಾ ಎಡಗೈ ಕೇಳು."