ಅಜ್ಜ ಕಳಿಸದ ಚೂರಿ

ಮಾಂಸದ ಮಾರುಕಟ್ಟೆಯಲ್ಲಿ ಅವಳ ಮೇಜು ನನ್ನ ಮೇಜಿಗೆ ಅಂಟಿಕೊಂಡೇ ಇತ್ತು. ಹನ್ನೊಂದು ವರ್ಷ ಇಬ್ಬರೂ ಒಂದೇ ನಲ್ಲಿಯಲ್ಲಿ ರಕ್ತ ತೊಳೆದುಕೊಂಡೆವು. ನಾವೆಲ್ಲ ಮೂಳೆ ಒಡೆಯುತ್ತಿದ್ದರೆ ಅವಳು ಕೀಲು ಹುಡುಕಿ ಚೂರಿಯ ತುದಿ ತೂರಿಸಿ ಒಮ್ಮೆ ತಿರುವುತ್ತಿದ್ದಳು. ತೊಡೆ ತಾನಾಗಿ ಕಳಚಿ ಬರುತ್ತಿತ್ತು. ಎಲ್ಲರ ಬಾಯಲ್ಲೂ ಅವಳು ಡಾಕ್ಟರಮ್ಮ.

ಅವಳನ್ನು ಸಾಕಿದ್ದು ಅಜ್ಜ, ಸಾಣೆ ಹಿಡಿಯುವವರು. ಮದುವೆಯಾಗಿ ದೂರ ಬಂದ ಮೇಲೂ ಅವಳು ತನ್ನ ಚೂರಿಗಳನ್ನು ಇಲ್ಲಿ ಯಾರ ಸಾಣೆಗೂ ಕೊಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಉದ್ದದ್ದು, ಎರಡು ಸಣ್ಣವು, ಮೂರನ್ನೂ ಹಳೇ ಟ್ಯೂಬಿನ ರಬ್ಬರಿನಲ್ಲಿ ಸುತ್ತಿ ಅಜ್ಜನ ಊರಿನ ಬಸ್ಸಿನ ಡ್ರೈವರನ ಕೈಗೆ ಕೊಡುತ್ತಿದ್ದಳು. ಮೂರನೇ ದಿನ ಹರಿತವಾಗಿ ಬರುತ್ತಿದ್ದವು. ಅಷ್ಟು ದಿನ ನನ್ನ ಚೂರಿಗಳೇ ಅವಳಿಗೂ. ಗಂಟು ಕೈಸೇರಿ ಅಲಗಿನ ಮೇಲೆ ಬೆರಳಾಡಿಸಿದ ಕೂಡಲೇ ಅಜ್ಜ ಅಲ್ಲಿಂದ ಫೋನು ಮಾಡುತ್ತಿದ್ದರು. ಕೈಯೆಲ್ಲ ಕೊಬ್ಬು ಅಂತ ಅವಳು ಸ್ಪೀಕರ್ ಹಾಕುತ್ತಿದ್ದಳು.

"ಏನೇ, ಸಣ್ಣದರ ತುದಿ ಬಗ್ಗಿದೆ? ಡಬ್ಬಿ ಮುಚ್ಚಳ ತೆಗೆದ್ಯಾ?"

"ಇಲ್ಲಜ್ಜ."

"ಸುಳ್ಳಿ! ತಗಡಿನ ಗೀರು ನಂಗೆ ಗೊತ್ತಾಗಲ್ವಾ?"

"ನಿಂಗೆ ಕಣ್ಣು ಮಂಜು ಅಂತ ಡಾಕ್ಟರು ಹೇಳಿದ್ರಲ್ಲ!"

"ಹೆಬ್ಬೆರಳಿಗೆ ಮಂಜಾಗಿಲ್ವೇ."

ಗಂಡನ ವಿಷಯ ಮಾತ್ರ ಅವಳು ಅಜ್ಜನ ಹತ್ತಿರ ಎತ್ತುತ್ತಿರಲಿಲ್ಲ. ಅವನು ಎರಡು ಹಲ್ಲು ಉದುರಿಸಿದಾಗ ಬಚ್ಚಲಲ್ಲಿ ಜಾರಿದೆ ಅಂದಳು. ಹೆಗಲ ಮೇಲೆ ಕುದಿಯುವ ನೀರು ಸುರಿದಾಗಲೂ ಏನೋ ಒಂದು ಹೇಳಿದಳು. ಕೊನೆಗೆ ಅವನನ್ನು ಬಿಟ್ಟು ಬಾಡಿಗೆಗೆ ಬೇರೆ ಕೋಣೆ ಹಿಡಿದಳು. ದೂರು ಕೊಡಲು ಹೋದರೆ ಠಾಣೆಯಲ್ಲಿ, "ಗಂಡ ಹೆಂಡ್ತಿ ವಿಷಯ, ಮನೇಲೇ ಮುಗಿಸ್ಕೊಳ್ಳಿ," ಅಂದರು. ಅವನು ಆ ಕೋಣೆಗೂ ಬಂದು ಬಾಗಿಲ ಸಂದಿಯಲ್ಲಿ ಕಬ್ಬಿಣದ ಸಲಾಕೆ ತೂರಿಸಿ ಮೀಟಿದ. ಅವಳು ಉದ್ದ ಚೂರಿಯಿಂದ ಸಲಾಕೆಯ ಮೇಲೇ ಬೀಸಿದಳು, ಮತ್ತೆ ಮತ್ತೆ ಬೀಸಿದಳು. ಅವನ ಎರಡು ಬೆರಳು ಸೀಳಿಹೋದವು. ಊಳಿಡುತ್ತ ಓಡಿದ.

"ಈ ಸಲ ಕಳಿಸ್ಬೇಡ ಕಣೇ," ಅಂದೆ.

"ಮುಕ್ಕಾದ ಚೂರಿ ಇಟ್ಕೊಂಡು ಏನ್ ಮಾಡ್ಲಿ? ಮೂರು ದಿನ ತಾನೇ," ಅಂದಳು.

ಮರುದಿನ ಫೋನಿನಲ್ಲಿ ಅಜ್ಜನ ದನಿ ಬೇರೆಯೇ ಇತ್ತು. "ಉದ್ದದ್ದರಲ್ಲಿ ನಾಲ್ಕು ಮುಕ್ಕು. ಇದು ಮೂಳೆ ಅಲ್ಲ, ಕಬ್ಬಿಣ. ಯಾರ ಮೇಲೆ ಬೀಸಿದೆ ಮಗಳೇ?"

ಅವಳು ಎಲ್ಲವನ್ನೂ ಹೇಳಿದಳು, ಹಲ್ಲಿನಿಂದ ಹಿಡಿದು. ಕೊನೆಗೆ, "ಇನ್ನೊಂದ್ಸಲ ಬರ್ಲಿ. ಕೀಲು ಎಲ್ಲಿದೆ ಅಂತ ನಂಗೊತ್ತು."

"ಜೈಲಿಗೆ ಹೋಗ್ತೀಯಾ?"

"ಹೋಗ್ತೀನಿ."

ಬುಧವಾರ ಸಣ್ಣ ಚೂರಿ ಎರಡೇ ಬಂದವು. ಉದ್ದದ್ದು ಬಿರುಕು ಬಿಟ್ಟಿದೆ, ಹೊಸದು ಮಾಡಬೇಕು ಅಂದರು ಅಜ್ಜ. "ಶನಿವಾರ ನಾನೇ ಬರ್ತೀನಿ. ಗಂಟು ಮೂಟೆ ಕಟ್ಟಿರು, ಮನೆಗೆ ಹೋಗೋಣ." ಅವಳು ಸಂಜೆಯವರೆಗೂ ಗುನುಗುತ್ತ ಮಾಂಸ ಬಿಡಿಸಿದಳು.

ಶುಕ್ರವಾರ ಬಟ್ಟೆ ತುಂಬಿಕೊಳ್ಳಲು ಮಧ್ಯಾಹ್ನವೇ ಕೋಣೆಗೆ ಹೋದಳು. ಸಣ್ಣ ಚೂರಿಗಳು ಮಾರುಕಟ್ಟೆಯ ಮೇಜಿನ ಡ್ರಾಯರಿನಲ್ಲೇ ಇದ್ದವು. ಅವನು ಅದೇ ಸಲಾಕೆ ಹಿಡಿದು ಬಂದ. ಅವಳು ಸ್ಟೂಲು ಎತ್ತಿ ಹೊಡೆದಳು, ಅದು ಮುರಿಯಿತು. ಹಲ್ಲಿನಿಂದ ಅವನ ಕಿವಿ ಕಿತ್ತಳು. ಅವನು ತಲೆಗೆ ಹೊಡೆದ, ಬಿದ್ದ ಮೇಲೂ ಹೊಡೆದ. ಪಕ್ಕದವರು ಬಾಗಿಲು ಒಡೆದಾಗ ಗೋಡೆಯ ಮೇಲೆ ಎದೆಮಟ್ಟದವರೆಗೂ ರಕ್ತ, ಅವಳಲ್ಲಿ ಉಸಿರಿರಲಿಲ್ಲ. ಕಿವಿಗೆ ಹೊಲಿಗೆ ಹಾಕಿಸಿಕೊಳ್ಳಲು ಹೋದಲ್ಲಿ ಅವನು ಸಿಕ್ಕಿಬಿದ್ದ.

ಶನಿವಾರ ಅಜ್ಜನನ್ನು ಬಸ್ಸಿನಿಂದ ಇಳಿಸಿಕೊಂಡವಳು ನಾನು. ಹೇಳಿದೆ.

"ಚೂರಿ ಬಿರುಕು ಬಿಟ್ಟಿರ್ಲಿಲ್ಲಮ್ಮ. ಅವಳ ಕೈಗೆ ಕೊಲೆ ಅಂಟಬಾರ್ದು ಅಂತ ಇಟ್ಕೊಂಡೆ," ಅಂದರು. "ಚೂರಿಗಾಗಿ ಹುಡುಕಾಡಿದ್ಲಾ?"

"ಗೊತ್ತಿಲ್ಲ ಅಜ್ಜ. ನೀವು ಬರ್ತೀರ ಅಂತ ಬಟ್ಟೆ ಮಡಚ್ತಿದ್ಲು."

ಬಸ್ ನಿಲ್ದಾಣದ ನೆಲದ ಮೇಲೆ ಕೂತು ಅವರು ತಮ್ಮ ಮುಖಕ್ಕೆ ತಾವೇ ಹೊಡೆದುಕೊಳ್ಳತೊಡಗಿದರು, ಮುಷ್ಟಿ ಕಟ್ಟಿ. ತುಟಿ ಒಡೆಯಿತು. ನನಗೂ ಅವರನ್ನು ಹೊಡೆಯಬೇಕು ಅನ್ನಿಸಿತ್ತು. ಸ್ವಲ್ಪ ಹೊತ್ತು ತಡೆಯಲಿಲ್ಲ. ಆಮೇಲೆ ಅವರ ಎರಡೂ ಕೈ ಹಿಡಿದುಕೊಂಡೆ.