ಖಾಲಿ ಉಳಿದ ಇಂಡಿಯಾ ಚೌಕ

ಅಮೆರಿಕದ ವುಡಿನ್‌ವಿಲ್‌ನಲ್ಲಿರುವ ನಮ್ಮ ಮನೆಯ ಗರಾಜ್ ಖಾಲಿ ಮಾಡುವಾಗ ನನ್ನ ಐದನೇ ಕ್ಲಾಸಿನ ಪೋಸ್ಟರ್ ಸಿಕ್ಕಿತು.

ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ಪಟ್ಟ ಕಳೆದುಕೊಂಡ ವರ್ಷ, ಕ್ರಿ.ಶ. 476ರಲ್ಲಿ, ಜಗತ್ತಿನಲ್ಲಿ ಎಲ್ಲೆಲ್ಲಿ ಯಾರು ಆಳುತ್ತಿದ್ದರು ಎಂದು ಬರೆಯಬೇಕಿತ್ತು. ರೋಮ್, ಪರ್ಷಿಯಾ, ಚೀನಾ ಚೌಕಗಳು ತುಂಬಿದ್ದವು.

“ಇಂಡಿಯಾಕ್ಕ ನಮ್ಮ ಬನವಾಸಿ ಕದಂಬರನ್ನ ಬರಿ,” ಎಂದು ಹಟ ಹಿಡಿದ ಅಪ್ಪ, ಹಾವೇರಿಯಲ್ಲಿದ್ದ ಅಜ್ಜನಿಗೆ ಕಾಲ್ ಮಾಡಿದರು. ಅಜ್ಜ ಇತಿಹಾಸದ ಮಾಸ್ತರರಾಗಿದ್ದವರು.

“ಆ ವರ್ಷ ಯಾವ ರಾಜ ಇದ್ದ, ಹೇಳ್ರಿ.”

“ಆಗ ಇಸವಿ ಯಾರು ಬರೀತಿದ್ರೋ? ಶಾಸನದಾಗ ರಾಜ ಪಟ್ಟಕ್ಕ ಬಂದು ಮೂರನೇ ವರ್ಷ, ನಾಕನೇ ವರ್ಷ ಅಂತ ಇರತೈತಿ. ಅಪ್ಪನೋ ಮಗನೋ, ಖಚಿತ ಹೇಳಾಕ ಆಗೂದಿಲ್ಲ.”

ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆಯುವ ಅಪ್ಪ, ಪೆನ್ಸಿಲ್ ಹಿಡಿದು ಆ ಚೌಕದ ಮುಂದೆ ಕೂತರು. ಊಹಿಸಿ ಬರೆಯಬಾರದೆಂದು ಟೀಚರ್ ಹೇಳಿದ್ದರು. ಚೌಕವನ್ನು ಹಾಗೇ ಬಿಟ್ಟು ಪೋಸ್ಟರ್ ಕೊಟ್ಟೆ.

ಮುಂದಿನ ವಾರ ಫೋನಿನಲ್ಲಿ ಅಜ್ಜ ಕೇಳಿದರು: “ನಮ್ಮ ರಾಜನ್ನ ಬರದೀ ಏನವಾ?”

ಅಪ್ಪ ನೆಲ ನೋಡುತ್ತಿದ್ದರು. “ಯೆಸ್, ಅಜ್ಜಾ,” ಎಂದೆ.

ಅಮೆರಿಕದ ಶಾಲೆಯ ಗೋಡೆಯ ಮೇಲೆ ಕದಂಬರಿದ್ದಾರೆ ಎಂದು ಅಜ್ಜ ಕಡೇತನಕ ಸಿಕ್ಕವರಿಗೆಲ್ಲ ಹೇಳಿದರಂತೆ.

ಇವತ್ತು ಬೆಳಕಿಗೆ ಹಿಡಿದಾಗ ಕಂಡಿತು: ಆ ಖಾಲಿ ಚೌಕದಲ್ಲಿ ಅಪ್ಪ ಎರಡು ಹೆಸರು ಬರೆದು, ಎರಡನ್ನೂ ಅಳಿಸಿದ್ದರು.