ಮದರಾಸಿನ ಗಾಳಿ, ನಮ್ಮ ರಾಗಿ

ನಮ್ಮ ಅತ್ತೆಗೆ ಅನುಮಾನವೆಂದರೆ ಉಪ್ಪಿದ್ದ ಹಾಗೆ. ಅದಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಬಳೆಗಾರ ನಗುತ್ತಾ ಬಂದರೆ ಬೆಲೆ ಏರಿಸಿಕೊಂಡು ಬಂದಿದ್ದಾನೆ, ಮುಖ ಗಂಟು ಹಾಕಿಕೊಂಡು ಬಂದರೆ ಒಡಕು ಬಳೆ ತಂದಿದ್ದಾನೆ. ನಾನು ಸೊಸೆಯಾಗಿ ವರ್ತೂರಿಗೆ ಬಂದ ಹೊಸದರಲ್ಲಿ, ಅಂದರೆ ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ, ನನ್ನ ಮೇಲೂ ಒಂದು ಕಣ್ಣಿತ್ತು. ಅದನ್ನು ಹೇಗೋ ಸಹಿಸಿಕೊಂಡೆ. ಆದರೆ ಆ ವರ್ಷದ ರಾಗಿಯ ವಿಷಯದಲ್ಲಿ ಅವರು ಆಡಿದ ಆಟವಿದೆಯಲ್ಲ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರ ಅಣ್ಣ, ನನಗೆ ದೊಡ್ಡಮಾವ, ಎದುರು ಮನೆಯಲ್ಲೇ ಇದ್ದರು. ಅಣ್ಣತಮ್ಮಂದಿರು ಪಾಲಾದಾಗ ಒಂದೇ ಹೊಲವನ್ನು ನಡುವೆ ಬದು ಹಾಕಿ ಎರಡು ಮಾಡಿಕೊಂಡಿದ್ದರು. ಬದುವಿನ ಮೇಲೆ ನೆಟ್ಟ ಗಡಿಕಲ್ಲು ತಮ್ಮ ಕಡೆಗೆ ಸರಿದಿದೆ ಅನ್ನುವುದು ಅತ್ತೆಯ ಹಳೆಯ ತಕರಾರು. ಇನ್ನು ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಾಗಾಗಿ ಇಬ್ಬರೂ ಕೂಗಳತೆಯಲ್ಲೇ ಇದ್ದರೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕರ್ಮ ನನ್ನದು.

ಎರಡೂ ಹೊಲದ ರಾಗಿ ಕೊಯ್ದು, ಒಣಗಲೆಂದು ನೆಲದ ಮೇಲೆ ಸಾಲುಸಾಲಾಗಿ ಹರಡಿ ಅರಿ ಹಾಕಿದ್ದೆವು. ಅದನ್ನು ಕಂತೆ ಕಟ್ಟಿ ಮೆದೆ ಒಟ್ಟಬೇಕಿತ್ತು. ಆಗೆಲ್ಲ ಕೂಲಿಯವರನ್ನು ಕರೆಯುತ್ತಿರಲಿಲ್ಲ, ಮುಯ್ಯಾಳು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಸರದಿ ಯಾರದೋ ಅವರು ಹೇಳಿದಲ್ಲಿ ಎಲ್ಲರೂ ಬಗ್ಗಬೇಕು. ಆ ದಿನದ ಸರದಿ ದೊಡ್ಡಮಾವನದು, ನಮ್ಮದು ಬರಲು ಇನ್ನೂ ದಿನವಿತ್ತು.

ಬೆಳಿಗ್ಗೆ ಅವರು ಬಂದು ನಮ್ಮ ಜಗಲಿಯ ಕೆಳಗೆ ನಿಂತರು. ಕೇರಿಗೆಲ್ಲ ಅವರ ಮನೆಯಲ್ಲೇ ಒಂದು ರೇಡಿಯೋ.

"ಮದ್ರಾಸ್ ಕಡೆ ಸಮುದ್ರದಾಗೆ ಚಂಡಮಾರುತ ಎದ್ದೈತಂತೆ ತಾಯಿ. ರೇಡಿಯೋದಾಗೆ ಒಂದೇ ಸಮ ಬಡ್ಕೊತಾವ್ರೆ. ಸಂಜೆ ಒತ್ಗೆ ನಮಗೂ ಗಾಳಿ ಮಳೆ ತಪ್ಪಿದ್ದಲ್ಲ. ಆಳುಗಳ್ನ ಮೊದ್ಲು ನಿಮ್ ಒಲಕ್ಕೇ ಇಳುಸ್ತೀನಿ ಅಂತ ನಿಮ್ಮತ್ತೆಗೆ ಹೇಳು."

ಬಾಗಿಲ ಸಂದಿಯಿಂದ ಅತ್ತೆಯ ದನಿ ಬಂತು. "ಯಾಕಂತೆ ಅಂತ ಕೇಳೇ."

"ಮಗ ಪ್ಯಾಕ್ಟ್ರಿಗೆ ಓಗವ್ನೆ, ಇಬ್ಬರೇ ಎಂಗಸ್ರು. ಅದಕ್ಕೆ."

"ನಮ್ ರೆಟ್ಟೆ ಗಟ್ಟಿಯಾಗವೆ ಅನ್ನು."

ದೊಡ್ಡಮಾವ ಟವೆಲ್ ಕೊಡವಿಕೊಂಡು ಹೊರಟುಹೋದರು. ಅತ್ತೆ ಈಚೆ ಬಂದು ಆಕಾಶ ನೋಡಿದರು. ಬಿಸಿಲು ಚುರುಕಾಗಿ ಕಾಯುತ್ತಿತ್ತು. "ನೋಡ್ದಾ? ಒಂದು ಮೋಡ ಐತಾ? ಪುಕ್ಸಟ್ಟೆ ಸರದಿ ಬುಟ್ಟುಕೊಡೋ ಆಸಾಮಿನಾ ಅದು? ಜನದ ಗದ್ದಲದಾಗೆ ಕಲ್ಲು ಕಿತ್ತು ಈಚೆ ನೆಡ್ತಾರೆ, ಬರ್ದಿಟ್ಕೊ."

ಅವರೊಬ್ಬರನ್ನೇ ಯಾಕೆ ಅನ್ನಲಿ, ಊರಿಗೆ ಊರೇ ಹಾಗಿತ್ತು. ಕೆರೆ ಏರಿಯ ಕೆಳಗಿನ ಮನೆಯವರೆಲ್ಲ ರಾತ್ರಿ ಇಸ್ಕೂಲಿನಲ್ಲಿ ಮಲಗಬೇಕೆಂದು ಪಂಚಾಯ್ತಿಯವರು ತಮಟೆ ಹೊಡೆಸಿದರೆ, ನಮ್ಮನ್ನು ಅತ್ತ ಕಳಿಸಿ ತೂಬು ಎತ್ತುತ್ತಾರೆ, ಮೀನು ಹಿಡಿಯೋರ ಕಿತಾಪತಿ ಇದು ಎಂದು ಆ ಮನೆಯವರು ಕದಲಲಿಲ್ಲ. ಅಂಗಡಿಯವನು ಸೀಮೆಎಣ್ಣೆ ಮುಗಿದಿದೆ ಅಂದ, ಯಾರೂ ನಂಬದೆ ಅಲ್ಲೇ ಕೂತರು. ಹಿಂದಿನ ರಾತ್ರಿಯೇ ಸುದ್ದಿ ಕೇರಿಯಲ್ಲಿ ಹಬ್ಬಿತ್ತು. ನನ್ನ ಯಜಮಾನರಂತೂ ನಸುಕಿನಲ್ಲಿ ವೈಟ್‌ಫೀಲ್ಡ್ ಕಡೆಯ ಫ್ಯಾಕ್ಟರಿಗೆ ಸೈಕಲ್ ಹತ್ತುವಾಗ, "ಮದ್ರಾಸೆಲ್ಲಿ, ವರ್ತೂರೆಲ್ಲಿ, ಸುಮ್ನಿರೇ" ಎಂದು ನಕ್ಕು ಹೋಗಿದ್ದರು.

ಹೊಲಕ್ಕೆ ಹೋಗುವಷ್ಟರಲ್ಲಿ ಬಿಸಿಲು ಕಂದಿತ್ತು. ಸರದಿ ಅವರದಾದ್ದರಿಂದ ನಾನೂ ಅವರ ಕಡೆಗೇ ಇಳಿದೆ. ನಮ್ಮ ರಾಗಿ ಬದುವಿನಾಚೆ ನೆಲದ ಮೇಲೆ ಹರಡಿಕೊಂಡು ಬಿದ್ದಿತ್ತು. ಇಡೀ ವರ್ಷಕ್ಕೆ ನಮಗೆ ಅದೇ ಊಟ. ಅದನ್ನು ಬಿಟ್ಟು ಇನ್ನೊಬ್ಬರ ಕಂತೆ ಕಟ್ಟುವಾಗ ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು. ಆದರೆ ದೊಡ್ಡಮಾವ ಬಂದವರೇ ಎಲ್ಲರನ್ನೂ ಎಬ್ಬಿಸಿದರು. "ಇಲ್ಲಿ ಬ್ಯಾಡ, ಎಲ್ರೂ ಆ ಕಡೆ ಇಳೀರಿ" ಎಂದು ನಮ್ಮ ಹೊಲ ತೋರಿಸಿದರು. ಸರದಿ ಅವರದು, ಅವರು ಹೇಳಿದ ಮೇಲೆ ಮುಗಿಯಿತು. ಜನ ಬದು ದಾಟಿದರು.

ಅತ್ತೆ ಏನು ಮಾಡಿದರು ಅಂತೀರಿ? ಸೆರಗು ಬಿಗಿದುಕೊಂಡು ನೆಟ್ಟಗೆ ಹೋಗಿ ಗಡಿಕಲ್ಲಿನ ಮೇಲೆ ಕೂತುಬಿಟ್ಟರು! ಇಷ್ಟು ಜನ ಅವರ ರಾಗಿಗಾಗಿ ಬೆನ್ನು ಬಗ್ಗಿಸುತ್ತಿದ್ದರೆ ಇವರು ಕಲ್ಲು ಕಾಯುತ್ತಿದ್ದಾರೆ. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಅತ್ತೆ, ಎದ್ದು ಬನ್ನಿ, ಮರ್ಯಾದೆ ಹೋಗ್ತದೆ" ಅಂದೆ. "ಮರ್ಯಾದೆ ಓದ್ರೆ ಬತ್ತದೆ, ನೆಲ ಓದ್ರೆ ಬರಕಿಲ್ಲ. ನೀನು ಕಟ್ಟೋಗು" ಅಂದರು.

ಮಧ್ಯಾಹ್ನ ಕಳೆದ ಮೇಲೆ ಗಾಳಿ ಎದ್ದಿತು. ಅಂಥ ಗಾಳಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಟ್ಟದ ಅರಿಗಳನ್ನು ಕಿತ್ತು ಎಸೆಯುತ್ತಿತ್ತು. ಕೆರೆ ಕಡೆಯಿಂದ ತೆಂಗಿನ ಗರಿಗಳು ಮುರಿದು ಬೀಳುವ ಸದ್ದು ಕೇಳುತ್ತಿತ್ತು. ಹನಿಗಳು ಓರೆಯಾಗಿ ಮುಖಕ್ಕೆ ಹೊಡೆದವು. ದೊಡ್ಡಮಾವ ಮೆದೆಯ ಮೇಲೆ ನಿಂತು ನಾವು ಎಸೆದ ಕಂತೆಗಳನ್ನು ಹಿಡಿದು ಒಟ್ಟುತ್ತಿದ್ದರು. ಆ ವಯಸ್ಸಿನಲ್ಲಿ ಅಷ್ಟೆತ್ತರ ಹತ್ತಬೇಡಿ ಎಂದರೆ ಯಾರ ಮಾತೂ ಕೇಳಲಿಲ್ಲ.

ಅತ್ತೆ ಗೋಣಿಚೀಲ ಕೊಪ್ಪೆ ಮಾಡಿ ಹೊದ್ದುಕೊಂಡು ಕಲ್ಲಿನ ಮೇಲೇ ಇದ್ದರು. ಅಲ್ಲಿಂದ ಎರಡೂ ಹೊಲ ಕಾಣುತ್ತವೆ. ಈಚೆ ಮೆದೆ ಏರುತ್ತಿದೆ, ಆಚೆ ಅವರ ರಾಗಿ ಹಾಗೇ ಬಿದ್ದು ನೆನೆಯುತ್ತಿದೆ. ಒಂದು ಸಲ ಆಚೆ ನೋಡಿದರು, ಒಂದು ಸಲ ಈಚೆ ನೋಡಿದರು. ಇದ್ದಕ್ಕಿದ್ದಂತೆ ಎದ್ದು ನಿಂತು, ಇಷ್ಟು ವರ್ಷ ಅವರೊಡನೆ ಒಂದು ಸೊಲ್ಲು ಆಡದವರು, ಗಾಳಿಗೂ ಮೇಲಾಗಿ ಕೂಗಿದರು.

"ಭಾವಾ! ಸಾಕು ಇಳೀರಿ! ನಿಮ್ದು ನೋಡ್ಕೊಳ್ರಿ ಮೊದ್ಲು, ಎಲ್ಲಾ ಓಯ್ತದೆ!"

ಎಲ್ಲರ ಕೈಯೂ ನಿಂತಿತು. ದೊಡ್ಡಮಾವ ಮಾತ್ರ ಇತ್ತ ತಿರುಗಲಿಲ್ಲ. ನನ್ನ ಕೈಯಿಂದ ಕಂತೆ ಈಸಿಕೊಂಡು, "ಇದು ನನ್ ತಮ್ಮನ ಒಲ ಅಂತ ನಿಮ್ಮತ್ತೆಗೆ ಹೇಳು ತಾಯಿ" ಅಂದರು.

ನಾನು ದಾಟಿಸಲಿಲ್ಲ. ಅತ್ತೆಗೆ ಕೇಳಿಸಿತ್ತು. ಕಲ್ಲು ಬಿಟ್ಟು ಇಳಿದು ಬಂದು ಕಂತೆ ಎತ್ತತೊಡಗಿದರು.

ಮೆದೆಗೆ ಹುಲ್ಲು ಹೊದೆಸಿ ಹಗ್ಗ ಬಿಗಿಯುವಷ್ಟರಲ್ಲಿ ಮಳೆ ಜಡಿದುಕೊಂಡಿತು. ಎಲ್ಲರೂ ಅವರ ಹೊಲಕ್ಕೆ ಓಡಿದೆವು, ಏನೂ ಪ್ರಯೋಜನವಾಗಲಿಲ್ಲ. ಕೈಯಲ್ಲಿ ಹಿಡಿದ ಅರಿ ಕೆಸರಿನೊಡನೆ ಬರುತ್ತಿತ್ತು. ಮಳೆ ಬಿಟ್ಟು ಬಿಸಿಲು ಬಂದಾಗ ಹೋಗಿ ನೋಡಿದರೆ ಅವರ ತೆನೆಗಳೆಲ್ಲ ಮೊಳೆತು ಹಸಿರಾಗಿದ್ದವು. ಅದನ್ನು ನೋಡಿ ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಇನ್ನಾದರೂ ಅತ್ತೆಯ ಅನುಮಾನ ಹೋಯಿತೇ? ಹುಟ್ಟುಗುಣ ಸುಟ್ಟರೂ ಹೋಗದು. ಉಣ್ಣುವಾಗ, ರಾಗಿ ಬಡಿಯುವಾಗ, ಅದೇ ಮಾತು. "ಯಾಕ್ ಮಾಡುದ್ರು ಅಂತೀನಿ? ಏನೋ ಐತೆ." ನಮ್ಮ ರಾಗಿ ತೂರಿದ ದಿನ ದೊಡ್ಡ ಕುಕ್ಕೆಯ ತುಂಬ ರಾಗಿ ತುಂಬಿ ನನ್ನ ತಲೆಗೆ ಹೊರಿಸಿದರು. "ಆ ಮನೆಗೆ ಕೊಟ್ಟು ಬಾ."

ದೊಡ್ಡಮಾವ ಕುಕ್ಕೆಗೆ ಕೈಹಾಕಿ ರಾಗಿಯನ್ನು ಬೆರಳ ಸಂದಿಯಿಂದ ಉದುರಿಸಿದರು. ಆಮೇಲೆ ನನ್ನ ಮುಖ ನೋಡಿದರು. "ಯಾತಕ್ಕೆ ಕಳ್ಸವ್ಳೆ? ಬದಿನ ಕಲ್ಲಿನ ಇಸ್ಯ ಏನಾರ ಅಂದ್ಲಾ?"

ಅಯ್ಯೋ ನನ್ನ ಕರ್ಮವೇ! "ನಿಮ್ಮಿಬ್ಬರಿಗೂ ಒಂದು ದೊಡ್ಡ ನಮಸ್ಕಾರ" ಅಂದುಬಿಟ್ಟೆ. ಅವರು ಕುಕ್ಕೆಯನ್ನು ಒಳಗೆ ಹೊತ್ತುಕೊಂಡು ಹೋಗಿ ಖಾಲಿ ಮಾಡಿ ತಂದುಕೊಟ್ಟರು.

ಅತ್ತೆ ಹೊಸ್ತಿಲಲ್ಲೇ ಕಾಯುತ್ತಿದ್ದರು. "ಈಸ್ಕೊಂಡ್ರಾ?"

"ಈಸ್ಕೊಂಡ್ರು."

"ಯಾಕೆ ಏನು ಅಂತ ಕೇಳ್ಲಿಲ್ವಾ?"

ಇಲ್ಲ ಅಂದೆ. ಹೌದು ಅಂದಿದ್ದರೆ ಅದಕ್ಕೊಂದು ರಾಮಾಯಣವಾಗುತ್ತಿತ್ತು.

"ಕೇಳ್ಲಿಲ್ಲ ಅಂದ್ರೆ, ಕೊಟ್ಟೇ ಕೊಡ್ತೀವಿ ಅಂತ ಮೊದ್ಲೇ ಗೊತ್ತಿತ್ತು ಅವ್ರಿಗೆ. ನಾನು ಹೇಳ್ಲಿಲ್ವಾ, ಏನೋ ಐತೆ" ಎನ್ನುತ್ತಾ ನನ್ನ ಕೈಯಿಂದ ಕುಕ್ಕೆ ಕಿತ್ತುಕೊಂಡು ಒಳಗೆ ಹೋದರು. ಮತ್ತೆ ಬರುವಾಗ ಅದರಲ್ಲಿ ಗೋಪುರದ ಹಾಗೆ ರಾಗಿ ಏರಿಸಿಕೊಂಡು ಬಂದರು. "ಏನಾರ ಇರ್ಲಿ. ತಗೊ, ಇದನ್ನೂ ಕೊಟ್ಟು ಬಾ. ಒಂದು ಕುಕ್ಕೆ ಆ ಮನೆಗೆ ಎಷ್ಟು ದಿನ ಬತ್ತದೆ?"